ತೊರ್ಲೈವನ ದೋಣಿಯ ಹಿಂಗೋಡೆ

ಅಸ್ಲೌಗ್ ಆ ದೋಣಿಯನ್ನು ನಮ್ಮ ಶೆಡ್ಡಿಗೆ ತಂದ ದಿನ ಸ್ಕಾರ್ವಾ ದ್ವೀಪದ ಅರ್ಧ ಜನ ಕಿಟಕಿಯ ಬಳಿ ನಿಂತು ನೋಡಿದರು. ಟ್ರ್ಯಾಕ್ಟರಿನ ಹಿಂದೆ ಗಾಡಿಯ ಮೇಲೆ ಕೂತು ಬರುತ್ತಿದ್ದ ಆ ಬಿಳಿ ಫೈಬರ್ ದೋಣಿ ಎರಡು ಚಳಿಗಾಲ ಅವಳ ದೋಣಿಮನೆಯಿಂದ ಹೊರಗೆ ಬಂದಿರಲಿಲ್ಲ. ಅವಳ ಗಂಡ ತೊರ್ಲೈವ್ ಒಬ್ಬನೇ ಅದರಲ್ಲಿ ಹೋಗಿದ್ದ. ದೋಣಿ ಸಿಕ್ಕಿತು, ಅವನು ಸಿಗಲಿಲ್ಲ.

ಅದು ನಡೆದದ್ದು ಅಕ್ಟೋಬರಿನ ಒಂದು ಮಧ್ಯಾಹ್ನ. ಗಾಳಿಯಿಲ್ಲ, ಅಲೆಯಿಲ್ಲ, ಕಡಲು ಎಣ್ಣೆ ಸವರಿದ ಹಾಗೆ ಮಲಗಿತ್ತು. ಹೆಸ್ಟ್ ಕಂಡಿ ಅನ್ನುವ ಇಕ್ಕಟ್ಟಾದ ನೀರಿನಲ್ಲಿ ದೋಣಿ ತನ್ನಷ್ಟಕ್ಕೆ ತಿರುಗುತ್ತಿದ್ದುದನ್ನು ಫೆರಿಯವರು ಕಂಡು ಎಳೆದು ತಂದರು. ಮೋಟಾರು ಬಂದಾಗಿತ್ತು. ಸೀಟಿನ ಮೇಲೆ ಅವನ ದಪ್ಪ ಕಿತ್ತಳೆ ಜಾಕೆಟ್ಟು, ನೀರಿಗೆ ಬಿದ್ದರೆ ತೇಲಿಸುವಂಥದ್ದು, ನೀಟಾಗಿ ಮಡಿಸಿ ಇಟ್ಟಿತ್ತು. ಆ ವರ್ಷ ಮೀನಿನ ಕಾರ್ಖಾನೆ ಮುಚ್ಚಿ ತೊರ್ಲೈವ್ ಕೆಲಸ ಕಳೆದುಕೊಂಡಿದ್ದ, ಮಾತು ಕಡಿಮೆ ಮಾಡಿದ್ದ. ಜನ ಎರಡಕ್ಕೂ ಗಂಟು ಹಾಕಿದರು. ಜಾಕೆಟ್ಟು ಮಡಿಸಿಟ್ಟು ಇಳಿದವನು ಅಂದರೆ ಬೇಕಂತಲೇ ಇಳಿದವನು. ಅಸ್ಲೌಗಳ ಎದುರು ಯಾರೂ ಹಾಗೆ ಅನ್ನಲಿಲ್ಲ. ಅವಳು ಅಂಗಡಿಯೊಳಗೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು, ಅಷ್ಟೇ. ಅದರಿಂದಲೇ ಅವಳಿಗೆ ಎಲ್ಲ ಗೊತ್ತಾಗಿತ್ತು.

ನಾನು ಗುನ್ವೋರ್. ಫೈಬರ್ ದೋಣಿಗಳ ರಿಪೇರಿ ನನ್ನ ಕೆಲಸ. ಶೆಡ್ಡು ನನ್ನ ಚಿಕ್ಕಪ್ಪ ಅನ್ಫಿನ್‌ನದು. ಅವನು ಮರದ ದೋಣಿ ಕಟ್ಟಿಕೊಂಡೇ ಮುದುಕನಾದವನು. ಫೈಬರ್ ದೋಣಿಗಳನ್ನು ಮೊಸರಿನ ಡಬ್ಬಿ ಅನ್ನುತ್ತಾನೆ, ನನ್ನನ್ನು ಡಬ್ಬಿಗೆ ತೇಪೆ ಹಾಕುವವಳು ಅನ್ನುತ್ತಾನೆ. ಹಾಗಂತ ನಾನು ಕರೆದರೆ ಸಾಕು, ಕೈಜೋಡಿಸದೆ ಇರುವವನಲ್ಲ.

ಅಸ್ಲೌಗ್ ತುಪ್ಪುಳದ ಹೆಂಗಸು. ವಸಂತದಲ್ಲಿ ಹೊರಗಿನ ನಡುಗಡ್ಡೆಗಳಿಗೆ ಹೋಗಿ ಕಡಲಬಾತುಗಳಿಗೆ ಕಲ್ಲಿನ ಗೂಡು ಸರಿಮಾಡಿ, ಒಣಗಿದ ಪಾಚಿಯ ಹಾಸಿಗೆ ಹಾಸಿ, ಅವು ಮರಿಮಾಡಿ ಹೋಗುವವರೆಗೆ ಕಾಯುತ್ತಾಳೆ. ಆಮೇಲೆ ಅವು ಗೂಡಿನಲ್ಲಿ ಬಿಟ್ಟುಹೋದ ತುಪ್ಪುಳ ಅವಳದು, ರಜಾಯಿಗೆ ತುಂಬಲು ಒಳ್ಳೆಯ ಬೆಲೆಗೆ ಹೋಗುವಂಥದ್ದು. ಅವಳ ಅಜ್ಜಿಯಿಂದ ಬಂದ ಹಕ್ಕು ಅದು. ಗಂಡ ಹೋದ ಮೇಲೆ ಅವರಿವರ ದೋಣಿಯಲ್ಲಿ ಹೋಗಿಬರುತ್ತಿದ್ದಳು. ಇನ್ನು ಸಾಕು, ತನ್ನದೇ ದೋಣಿಯಲ್ಲಿ ಹೋಗುತ್ತೇನೆ ಅಂತ ತೀರ್ಮಾನಿಸಿದ್ದಳು. ಕಂಡಿಯ ಸೆಳೆತಕ್ಕೆ ಹಳೆಯ ಮೋಟಾರು ಸಾಲದು ಅಂತ ಅದಕ್ಕಿಂತ ದೊಡ್ಡದೊಂದನ್ನು ಆಗಲೇ ತರಿಸಿದ್ದಳು. ಪೆಟ್ಟಿಗೆಯೊಳಗಿನ ಅದನ್ನು ಚಿಕ್ಕಪ್ಪ ಅಲುಗಿಸಲು ನೋಡಿ ಕೈ ಕೊಡವಿದ. ಹಳೆಯದಕ್ಕಿಂತ ಒಂದೂವರೆ ಪಟ್ಟು ಭಾರ. ದೋಣಿಯ ಹಿಂಗೋಡೆ, ಅಂದರೆ ಮೋಟಾರು ಕಚ್ಚಿಕೊಂಡು ನಿಲ್ಲುವ ಹಿಂಬದಿಯ ಅಡ್ಡಗೋಡೆ, ಅಷ್ಟು ಭಾರ ಹೊರುವಂತೆ ಗಟ್ಟಿಮಾಡಿ ಕೊಡಬೇಕು ಅನ್ನುವುದು ಅವಳ ಬೇಡಿಕೆ.

ಬೇರೆ ದೋಣಿ ತಗೊಳ್ಳುವುದೇ ಮೇಲು ಅಂತ ಚಿಕ್ಕಪ್ಪ ಸುತ್ತುಬಳಸಿ ಹೇಳಿದ. ಅವಳು ಇದೇ ದೋಣಿ ಅಂದಳು. ಅವನು ಕಾಫಿ ತರುವ ನೆಪದಲ್ಲಿ ಒಳಗೆ ಹೋದ ಮೇಲೆ ಅವಳು ನನ್ನ ತೋಳು ಹಿಡಿದು, ಬೇರೆ ಯಾರಿಗೂ ಹೇಳಿರದ ಮಾತೊಂದನ್ನು ಹೇಳಿದಳು.

"ಗುನ್ವೋರ್, ದೋಣಿಮನೆ ಒಳಗೆ ಒಂದು ಹನಿ ಸೋರಲ್ಲ. ಎರಡು ವರ್ಷ ಒಣಗಿಕೊಂಡೇ ನಿಂತಿದೆ ದೋಣಿ. ಆದರೂ ಹಿಂದ್ಗಡೆ ಅದರ ಕೆಳಗೆ ನೆಲ ಯಾವಾಗ್ಲೂ ಒದ್ದೆ. ಬೆರಳಿಟ್ಟು ನಾಲಿಗೆಗೆ ಹಚ್ಕೊಂಡು ನೋಡ್ದೆ. ಉಪ್ಪು."

ಅವಳ ಕಣ್ಣಿನಲ್ಲಿ ಹೆದರಿಕೆ ಇರಲಿಲ್ಲ. ಯಾರೋ ಮನೆಗೆ ಬಂದು ಹೋಗುತ್ತಿದ್ದಾರೆ ಅನ್ನುವವಳ ಹಾಗೆ ಹೇಳಿದ್ದಳು.

ಮರುದಿನ ಹಳೆಯ ಮೋಟಾರು ಇಳಿಸಿ, ಸುತ್ತಿಗೆಯ ಹಿಡಿಯಿಂದ ಹಿಂಗೋಡೆಯನ್ನು ಮೇಲಿಂದ ಕೆಳಗೆ ತಟ್ಟುತ್ತಾ ಬಂದೆ. ಗಟ್ಟಿಯಿದ್ದರೆ ಟಣ್ ಅನ್ನಬೇಕು. ಮೇಲಂಚಿನಲ್ಲಿ ಅಂದಿತು. ಕೆಳಗಿಳಿದ ಹಾಗೆ ದನಿ ಮಂಕಾಗಿ, ಬಲಗಡೆಯ ಮೂಲೆಯಲ್ಲಿ ತಲೆದಿಂಬಿಗೆ ಹೊಡೆದ ಹಾಗೆ ಆಯಿತು. ಫೈಬರ್ ದೋಣಿಯ ಹಿಂಗೋಡೆ ಎಂದರೆ ಎರಡು ಫೈಬರ್ ಚರ್ಮಗಳ ನಡುವೆ ಪ್ಲೈವುಡ್ಡಿನ ದಪ್ಪ ಹಲಗೆ. ಯಾವುದೋ ತೂತಿನಿಂದ ನೀರು ನುಗ್ಗಿತೆಂದರೆ ಒಳಗಿನ ಮರ ವರ್ಷಗಟ್ಟಲೆ ಕೊಳೆಯುತ್ತದೆ, ಹೊರಗಿನ ಬಿಳಿ ಹಾಗೇ ಹೊಳೆಯುತ್ತಿರುತ್ತದೆ. ಒಳಗಡೆಯಿಂದ ಒಂದು ಸಣ್ಣ ತೂತು ಕೊರೆದೆ. ಚಹಾದ ಬಣ್ಣದ ನೀರು ಸಣ್ಣ ಧಾರೆಯಾಗಿ ಹರಿದು ಬಂತು.

ಅಸ್ಲೌಗ್ ಅಲ್ಲೇ ಇದ್ದಳು. ಮರ ಕುಡಿದ ಕಡಲನೀರು ಇಷ್ಟು ಕಾಲ ಹನಿಹನಿಯಾಗಿ ಸೋರುತ್ತಿತ್ತು, ನೆಲದ ಒದ್ದೆಗೆ ಕಾರಣ ಇದೇ ಅಂತ ನಾನು ವಿವರಿಸಿದೆ. ಅವಳಿಗೆ ಸಮಾಧಾನವಾಗುತ್ತದೆ ಅಂತ ಎಣಿಸಿದ್ದೆ. ಅವಳು ಆ ನೀರು ನಿಲ್ಲುವವರೆಗೂ ನೋಡುತ್ತಾ ನಿಂತಳು.

"ಹಾಗಾದ್ರೆ ಅವನಲ್ಲ," ಅಂದಳು. ಕೈಗವಸು ಹಾಕಿಕೊಂಡು ಮನೆಗೆ ನಡೆದಳು. ಅವಳನ್ನು ಎರಡನೆಯ ಸಲ ವಿಧವೆ ಮಾಡಿದೆನೇನೋ ಅನ್ನಿಸಿತು ನನಗೆ.

ಕೆಲಸ ಶುರುವಾಯಿತು. ಒಳಗಿನ ಚರ್ಮವನ್ನು ಗ್ರೈಂಡರಿನಿಂದ ಚೌಕವಾಗಿ ಕೊಯ್ದು ತೆಗೆದೆ. ಒಳಗಿನ ಪ್ಲೈವುಡ್ಡು ಕೆಲವು ಕಡೆ ಉಳಿಗೆ ಬಂತು, ಬಹಳ ಕಡೆ ಬರಿಗೈಗೇ ಬಂತು, ಕಪ್ಪಗೆ, ನೆನೆದ ಹೊಗೆಸೊಪ್ಪಿನ ಹಾಗೆ. ಎಲ್ಲ ಬಗೆದು ತೆಗೆದ ಮೇಲೆ ದೋಣಿಯ ಹಿಂಬದಿಯಲ್ಲಿ ಉಳಿದದ್ದು ಹೊರಗಿನ ತೆಳು ಚರ್ಮ ಒಂದೇ. ಬೆಳಕು ಬೇಕು ಅಂತ ದೋಣಿಯನ್ನು ತಿರುಗಿಸಿ, ಹಿಂಬದಿ ಕಡಲ ಕಡೆಯ ದೊಡ್ಡ ಬಾಗಿಲಿಗೆ ಬರುವಂತೆ ನಿಲ್ಲಿಸಿದೆ. ಚಿಕ್ಕಪ್ಪನಿಗೆ ಅದು ಹಿಡಿಸಲಿಲ್ಲ.

ನಮ್ಮಲ್ಲಿ ಹಳಬರ ಮಾತೊಂದಿದೆ. ಕಡಲಲ್ಲಿ ಸತ್ತು ಮಣ್ಣು ಸಿಗದೆ ಉಳಿದವನು ದ್ರೌಗ್ ಆಗುತ್ತಾನೆ, ಅರ್ಧ ದೋಣಿಯಲ್ಲಿ ಕೂತು ಹುಟ್ಟು ಹಾಕುತ್ತಾ ಬರುತ್ತಾನೆ ಅಂತ. ಹಿಂಬದಿಯಿಲ್ಲದ ದೋಣಿ ಅದು. ಚಿಕ್ಕಪ್ಪ ಇಂಥದನ್ನೆಲ್ಲ ನಂಬುವುದಿಲ್ಲ ಅನ್ನುತ್ತಾನೆ. ಆದರೂ ಹಿಂಬದಿ ಬಿಚ್ಚಿದ ದೋಣಿಯನ್ನು ಕಡಲಿಗೆ ಬೆನ್ನುಮಾಡಿ ನಿಲ್ಲಿಸಬಾರದು ಅಂತ ಅವನ ಅಪ್ಪನೂ ಹೇಳುತ್ತಿದ್ದನಂತೆ.

"ಗಾಳಿಗೆ ಫೈಬರ್ ಪುಡಿ ಒಳಗೆ ಬರತ್ತೆ, ಅದಕ್ಕೆ ಹೇಳಿದ್ದು," ಅಂದ.

"ಪುಡಿ ಒಳಗಿಂದ ಹೊರಗೆ ಹೋಗ್ತಿದೆ ಚಿಕ್ಕಪ್ಪ."

"ಆಯ್ತಮ್ಮ, ನೀನೇ ದೊಡ್ಡ ಮೇಸ್ತ್ರಿ. ಯಾರಾದ್ರೂ ಒಳಗೆ ಬಂದ್ರೆ ಕಾಫಿ ನೀನೇ ಕೊಡು."

ಒಣಗಲಿ ಅಂತ ಹೀಟರುಗಳನ್ನು ಹಚ್ಚಿಟ್ಟೆವು. ಆಗಲೇ ಆ ಸದ್ದು ಶುರುವಾದದ್ದು. ಇಬ್ಬರೂ ಊಟದ ಡಬ್ಬಿ ಬಿಚ್ಚಿ ಕೂತಿದ್ದೆವು, ಹಾಡಹಗಲು. ದೋಣಿಯ ಹಿಂಬದಿಯಿಂದ ಟಕ್ ಟಕ್ ಅಂತ, ಗೆಣ್ಣಿನಿಂದ ಬಾಗಿಲು ತಟ್ಟಿದ ಹಾಗೆ. ಸ್ವಲ್ಪ ನಿಂತು ಮತ್ತೆ. ಮರ ಒಣಗುವಾಗ ಹಾಗೆ ಬಿರಿಯುತ್ತದೆ ಅಂದೆ. ಚಿಕ್ಕಪ್ಪ ಬ್ರೆಡ್ಡಿನ ಚೂರನ್ನು ಕೆಳಗಿಟ್ಟ.

"ಮರ ಎಲ್ಲಿದೆ? ನಿನ್ನೆನೇ ಎಲ್ಲಾ ಬಗೆದು ಹಾಕಿದೀಯಲ್ಲ."

ನಾನು ಎದ್ದು ಹೀಟರುಗಳನ್ನು ತಗ್ಗಿಸಿದೆ. ಆ ಸದ್ದು ಏನಂತ ಈಗಲೂ ಗೊತ್ತಿಲ್ಲ.

ಆಮೇಲಿನ ವಾರ ಒಂದು ದಿನ ಹವೆ ತಿಳಿಯಾಯಿತು. ಮಾರ್ಚಿನ ಬಿಸಿಲು ತಗ್ಗಾಗಿ ಕಡಲ ಮೇಲಿಂದ ನೇರ ಶೆಡ್ಡಿನೊಳಕ್ಕೆ ಬಿದ್ದಿತ್ತು. ನಾನು ದೋಣಿಯೊಳಗೆ ಮಂಡಿಯೂರಿ ಹೊರಚರ್ಮದ ಒಳಮೈಯನ್ನು ಉಜ್ಜುತ್ತಿದ್ದೆ. ಬಿಸಿಲಿಗೆ ಆ ತೆಳು ಚರ್ಮ ಮೊಟ್ಟೆಯ ಸಿಪ್ಪೆಯ ಹಾಗೆ ಹೊಳೆಯುತ್ತಿತ್ತು. ಇದ್ದಕ್ಕಿದ್ದ ಹಾಗೆ ಅದರ ಮೇಲೆ ನೆರಳು ಬಿತ್ತು. ಹೊರಗಡೆ, ದೋಣಿಯ ಹಿಂಬದಿಗೆ ಹತ್ತಿಕೊಂಡೇ ಒಬ್ಬ ಗಂಡಸು ನಿಂತ ಹಾಗೆ. ಭುಜ ಕಾಣುತ್ತಿತ್ತು, ತಲೆ ಕಾಣುತ್ತಿತ್ತು. ಬಲಮೂಲೆಯ ಕಡೆಗೆ ಬಗ್ಗಿದ್ದ.

ಚಿಕ್ಕಪ್ಪ ಅಂತ ತಿಳಿದು, ಬೆಳಕಿಗೆ ಅಡ್ಡ ನಿಲ್ಲಬೇಡ ಅಂದೆ. ನೆರಳು ಕದಲಲಿಲ್ಲ. ಇನ್ನೊಮ್ಮೆ ಅಂದೆ. ಆಗ ನನ್ನ ಬೆನ್ನ ಹಿಂದೆ, ರಸ್ತೆಯ ಕಡೆಯ ಬಾಗಿಲು ಕಿರುಗುಟ್ಟಿತು. ಚಿಕ್ಕಪ್ಪ ಕಾಫಿಯ ಫ್ಲಾಸ್ಕು ಹಿಡಿದು ಒಳಗೆ ಬರುತ್ತಾ, ಯಾರ ಹತ್ತಿರ ಮಾತು ಅಂತ ಕೇಳಿದ.

ತಿರುಗಿ ನೋಡಿದಾಗ ನೆರಳಿರಲಿಲ್ಲ. ಅದು ಬಗ್ಗಿದ್ದ ಜಾಗದಲ್ಲಿ ನಾಲ್ಕು ಬೆಳಕಿನ ಚುಕ್ಕಿಗಳು ಉಳಿದಿದ್ದವು. ತೂತುಗಳು. ಕೊಳೆ ತುಂಬಿ ಮುಚ್ಚಿದ್ದವು, ಈಗ ಉಜ್ಜಿದ್ದಕ್ಕೆ ತೆರೆದುಕೊಂಡಿದ್ದವು.

ನಾನು ದೋಣಿಯಿಂದ ಇಳಿದು ಕಡಲ ಬಾಗಿಲಿಗೆ ಹೋದೆ. ಉಬ್ಬರದ ನೀರು ಬಾಗಿಲ ಮುಂದಿನ ಇಳಿಜಾರಿನ ಮೇಲ್ತುದಿಯವರೆಗೆ ಏರಿ ನಿಂತಿತ್ತು. ಮೊಣಕಾಲುದ್ದ ನೀರಿನಲ್ಲಿ ನಿಲ್ಲದೆ ಯಾರಿಗೂ ಅಷ್ಟು ನೆರಳು ಬೀಳಿಸಲು ಬರುತ್ತಿರಲಿಲ್ಲ. ಅಲ್ಲಿ ಯಾರೂ ಇರಲಿಲ್ಲ. ಹೊಸ್ತಿಲ ಮೇಲೆ ದೋಣಿಯ ಕಡೆ ತಿರುಗಿ ಕೂತೆ. ಕೂತಾಗ ಆ ತೂತುಗಳು ಕಣ್ಣಿನ ಮಟ್ಟಕ್ಕೆ ಬಂದವು.

ಈಜಲು ಇಳಿದವರು ಹತ್ತಿ ಬರುವ ಸಣ್ಣ ಏಣಿಯ ಸ್ಕ್ರೂ ತೂತುಗಳು ಅವು. ಏಣಿ ಇರಲಿಲ್ಲ. ಪ್ರತಿ ಶರತ್ಕಾಲ ಜನ ಏಣಿ ಬಿಚ್ಚಿಡುತ್ತಾರೆ, ಹಾಗೇ ತೊರ್ಲೈವನೂ ಬಿಚ್ಚಿರಬೇಕು ಅಂತ ಎಲ್ಲರೂ ಅಂದುಕೊಂಡಿದ್ದರು, ನಾನೂ. ಬಿಚ್ಚಿದ ಸ್ಕ್ರೂವಿನ ತೂತು ದುಂಡಗಿರುತ್ತದೆ. ಇವು ಕೆಳಗಡೆಗೆ ಹರಿದುಕೊಂಡು ಉದ್ದವಾಗಿದ್ದವು, ಅಂಚಿನ ಬಿಳಿಪದರ ಚಕ್ಕೆಯೆದ್ದಿತ್ತು. ಏಣಿಯನ್ನು ಯಾರೂ ಬಿಚ್ಚಿರಲಿಲ್ಲ. ಭಾರವಾದದ್ದೊಂದು ಅದಕ್ಕೆ ಜೋತುಬಿದ್ದು ಕೊಳೆತ ಮರದಿಂದ ಕಿತ್ತುಕೊಂಡು ಹೋಗಿತ್ತು.

ಚಿಕ್ಕಪ್ಪನಿಗೆ ನೆರಳಿನ ವಿಷಯ ಹೇಳಲಿಲ್ಲ, ತೂತು ತೋರಿಸಿದೆ. ಮೋಟಾರಿನ ಬೋಲ್ಟುಗಳ ಸುತ್ತ ಹೊರಗಡೆ ಬಿರುಕಿದೆಯೇ ನೋಡಬೇಕಿತ್ತು. ಹೊರಗೆ ನಿಂತರೆ ನನ್ನದೇ ನೆರಳು ಅಡ್ಡ ಬೀಳುತ್ತಿತ್ತು, ಹಾಗಾಗಿ ಮತ್ತೆ ದೋಣಿ ಹತ್ತಿ ಹಿಂಗೋಡೆಯ ಮೇಲೆ ಹೊಟ್ಟೆ ಊರಿ ಹೊರಕ್ಕೆ ಬಗ್ಗಲು ನೋಡಿದೆ. ನನ್ನ ದಪ್ಪ ಕೋಟು ಉಬ್ಬಿಕೊಂಡು ಬಿಡಲಿಲ್ಲ. ತೆಗೆದೆ. ನೆಲದಲ್ಲಿ ಅಂಟು ಪುಡಿಯಿತ್ತು, ಹಾಗಾಗಿ ಮಡಿಸಿ ಸೀಟಿನ ಮೇಲಿಟ್ಟೆ. ಆಮೇಲೆ ಬಗ್ಗಿದೆ.

"ಗುನ್ವೋರ್," ಅಂದ ಚಿಕ್ಕಪ್ಪ. ಅವನ ದನಿ ಬೇರೆಯೇ ಆಗಿತ್ತು. "ಹಾಗೇ ಇರು. ಸ್ವಲ್ಪ ತಲೆ ತಿರುಗಿಸಿ ಸೀಟ್ ಕಡೆ ನೋಡು."

ನೋಡಿದೆ. ನನ್ನ ಕೋಟು ಅಲ್ಲಿ ಮಡಿಸಿಕೊಂಡು ಕೂತಿತ್ತು.

ಮತ್ತೆ ಹೊರಕ್ಕೆ ಬಗ್ಗಿದೆ. ಬಿರುಕು ಅಲ್ಲೇ ಇತ್ತು, ಬೋಲ್ಟಿನಿಂದ ಬೋಲ್ಟಿಗೆ, ಕೂದಲೆಳೆಯಷ್ಟು. ಮೋಟಾರು ತಲೆದೂಗುತ್ತಿರುವುದನ್ನು ತೊರ್ಲೈವ್ ನೋಡಿದ್ದಾನೆ. ನಿಲ್ಲಿಸಿದ್ದಾನೆ. ಮೋಟಾರು ಕಡಲಿಗೆ ಬೀಳದಿರಲಿ ಅಂತ ಹಗ್ಗ ಸುತ್ತಲು ಜಾಕೆಟ್ಟು ತೆಗೆದಿಟ್ಟು ಬಗ್ಗಿದ್ದಾನೆ, ಆಯತಪ್ಪಿ ನೀರಿಗೆ ಬಿದ್ದಿದ್ದಾನೆ. ದೋಣಿ ಸಿಕ್ಕ ದಿನ ಮೋಟಾರಿನ ಕುತ್ತಿಗೆಗೆ ಒಂದು ಸುತ್ತು ಹಗ್ಗ ಇದ್ದದ್ದನ್ನು ಊರೇ ನೋಡಿತ್ತು. ದೋಣಿ ಎಳೆದು ತಂದವರು ಕಟ್ಟಿದ್ದು ಅಂತ ಭಾವಿಸಿತ್ತು. ಚಿಕ್ಕಪ್ಪ ಅಲ್ಲಿಂದಲೇ ಫೆರಿಯ ಹಳೆಯ ಚಾಲಕನಿಗೆ ಫೋನ್ ಮಾಡಿ ಕೇಳಿದ. ತಾವು ದೋಣಿಯ ಮೂತಿಯ ಬಳೆಗೆ ಹಗ್ಗ ಹಾಕಿ ಎಳೆದದ್ದು, ಮೋಟಾರಿನ ತಂಟೆಗೆ ಹೋಗಲೇ ಇಲ್ಲ ಅಂತ ಅವನು ಹೇಳಿದ.

ಅಸ್ಲೌಗಳಿಗೆ ಹೇಳಬೇಕು ಅನ್ನುವುದರಲ್ಲಿ ನಮ್ಮಲ್ಲಿ ಎರಡು ಮಾತಿರಲಿಲ್ಲ. ಎಷ್ಟು ಹೇಳಬೇಕು ಅನ್ನುವುದರಲ್ಲಿ ಜಗಳವಾಯಿತು. ಮರ ಎಲ್ಲಕ್ಕಿಂತ ಹೆಚ್ಚು ಕೊಳೆತದ್ದು ಏಣಿಯ ತೂತುಗಳ ಸುತ್ತ. ನೀರು ಒಳಗೆ ಹೋದದ್ದು ಅಲ್ಲಿಂದಲೇ. ಸ್ಕ್ರೂ ಹಾಕಿದವರು ತೂತಿಗೆ ಅಂಟು ತುಂಬಿರಲಿಲ್ಲ. ಅಸ್ಲೌಗ್ ಒಳ್ಳೆಯ ಈಜುಗಾತಿ, ನಡುಗಡ್ಡೆಗಳ ಹತ್ತಿರ ದೋಣಿಯಿಂದ ಧುಮುಕುತ್ತಿದ್ದವಳು ಅವಳೇ. ಏಣಿ ಯಾರಿಗಾಗಿ ಅಂತ ಇಡೀ ದ್ವೀಪಕ್ಕೆ ಗೊತ್ತು.

"ಜಾಕೆಟ್ ವಿಷಯ ಹೇಳು, ಹಗ್ಗದ ವಿಷಯ ಹೇಳು," ಅಂದ ಚಿಕ್ಕಪ್ಪ. "ಏಣಿದು ನುಂಗ್ಕೋ. ಅವಳಿಗೆ ಇರೋದೇ ಸಾಕು."

ನುಂಗಿಕೊಳ್ಳೋಣ ಅಂತಲೇ ನಾನೂ ಒಪ್ಪಿದೆ.

ಅವಳು ಬಂದಾಗ ದೋಣಿಯೊಳಗೆ ಕೂರಿಸಿ ಬಿರುಕು ತೋರಿಸಿದೆ. ಕೋಟು ತೆಗೆದು ಬಗ್ಗಿ ತೋರಿಸಿದೆ. ಚಾಲಕ ಹೇಳಿದ್ದನ್ನು ಚಿಕ್ಕಪ್ಪ ಹೇಳಿದ. ಅವಳು ಕೇಳುತ್ತಲೇ ಇದ್ದಳು, ಅಳಲಿಲ್ಲ. ಎಲ್ಲ ಮುಗಿದ ಮೇಲೆ ಎದ್ದು ದೋಣಿಯಿಂದಿಳಿದು ಹಿಂಬದಿಗೆ ನಡೆದಳು. ಕೊಳೆ ಮುಚ್ಚಿದ್ದ ಆ ತೂತುಗಳನ್ನು ಎರಡು ವರ್ಷದಲ್ಲಿ ಅವಳು ಗಮನಿಸಿರಲೇ ಇಲ್ಲ. ನಾನು ತಡೆಯುವಷ್ಟರಲ್ಲಿ ಅವಳ ಬೆರಳು ಆ ಹರಿದ ತೂತಿನ ಮೇಲಿತ್ತು. ಮೇಲಿಂದ ಕೆಳಕ್ಕೆ ಸವರಿದಳು. ಒಂದಾದ ಮೇಲೊಂದು, ನಾಲ್ಕನ್ನೂ.

"ಏಣಿ ಬಿಚ್ಚಿದ್ದಲ್ಲ ಇದು," ಅಂದಳು.

ಅವಳ ಬೆರಳು ಮತ್ತೆ ಮೊದಲ ತೂತಿಗೆ ಹೋಯಿತು.

"ಹತ್ತೋಕೆ ನೋಡಿದ್ದಾನೆ."

"ಹೌದು," ಅಂದೆ. ಇನ್ನು ಸುಳ್ಳು ಹೇಳಿ ಫಲವಿರಲಿಲ್ಲ.

"ಈ ತೂತು ಕೊರೆದದ್ದು ನಾನು ಗುನ್ವೋರ್. ಬೇಸಗೆ ಹಬ್ಬದ ದಿನ. ಅವನು ಏಣಿ ಹಿಡ್ಕೊಂಡು ನಿಂತಿದ್ದ. ಅಂಟು ತುಂಬ್ಬೇಕು, ತಾಳು, ಒಳಗಿಂದ ತರ್ತೀನಿ ಅಂದ. ನಾನೇ ತಾಳಲಿಲ್ಲ. ಬಿಸಿಲಿದೆ, ಈಗ್ಲೇ ಈಜ್ಬೇಕು ಅಂದೆ."

ಅವಳು ನೆಲದ ಮೇಲೆ ಕೂತಳು. ಆಗ ಅತ್ತಳು, ಕೈಯನ್ನು ಆ ತೂತುಗಳ ಮೇಲಿಂದ ತೆಗೆಯದೆ. ಚಿಕ್ಕಪ್ಪ ಅವಳ ಪಕ್ಕದಲ್ಲಿ ಕಷ್ಟಪಟ್ಟು ಮಂಡಿ ಮಡಿಸಿ ಕೂತ. ಅವನಿಗೆ ಸಮಾಧಾನದ ಮಾತು ಬರುವುದಿಲ್ಲ. ನಾನು ಕಡಲ ಬಾಗಿಲು ಎಳೆದು ಹಾಕಿದೆ, ಗಾಳಿ ಕೊರೆಯುತ್ತಿತ್ತು.

ಬಹಳ ಹೊತ್ತಿನ ಮೇಲೆ ಅವಳು ಮೂಗು ಒರೆಸಿಕೊಂಡು ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

"ಇದನ್ನ ಹೊರಬಹುದು. ನನ್ನ ಕೈಯಿಂದ ಆದದ್ದು ಅಂತ ಹೊತ್ಕೊಂಡು ಇರ್ತೀನಿ. ನನ್ನ ಬಿಟ್ಟು ಹೋದ ಅನ್ನೋದನ್ನ ಹೊರೋಕಾಗ್ತಿರ್ಲಿಲ್ಲ."

ಅಲ್ಲಿಂದೆದ್ದು ಅವಳು ಮನೆಗೆ ಹೋಗಲಿಲ್ಲ. ಅಂಗಡಿಗೆ ಹೋದಳು. ಅಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದವರ ನಡುವೆ ಕುರ್ಚಿ ಎಳೆದುಕೊಂಡು ಕೂತು, ಎಲ್ಲವನ್ನೂ ಹೇಳಿದಳಂತೆ, ತೂತು ಕೊರೆದದ್ದನ್ನೂ ಸೇರಿಸಿ. ಆವತ್ತು ಮಾತು ನಿಲ್ಲಿಸಿದವರು ಅವಳು ಹೋದ ಮೇಲೂ ಶುರುಮಾಡಲಿಲ್ಲ ಅಂತ ಕೇಳಿದೆ.

ಹಿಂಗೋಡೆಯನ್ನು ನಾನು ಇಷ್ಟು ದಿನ ಯಾವ ದೋಣಿಗೂ ಕಟ್ಟದ ಹಾಗೆ ಕಟ್ಟಿದೆ. ಕಡಲಿಗೆಂದೇ ಮಾಡಿದ ಪ್ಲೈವುಡ್ಡಿನ ಹಲಗೆಗಳನ್ನು ಅಂಟಿನಲ್ಲಿ ನೆನೆಸಿ ಒಂದರ ಮೇಲೊಂದು ಕೂರಿಸಿ, ಸುತ್ತಲೂ ಕ್ಲಾಂಪು ಬಿಗಿದು, ಅದರ ಮೇಲೆ ಹೊಸ ಫೈಬರ್ ಚರ್ಮವನ್ನು ಪಕ್ಕದ ಗೋಡೆಗಳವರೆಗೂ ಎಳೆದು ಹಚ್ಚಿದೆ. ಮೂಲೆಗಳಿಗೆ ಚಿಕ್ಕಪ್ಪ ಓಕ್ ಮರದ ಬಾಗು ಆಸರೆಗಳನ್ನು ಕೆತ್ತಿ ತಂದ. ಮೊಸರಿನ ಡಬ್ಬಿಗೆ ಮರ ಯಾಕೆ ಹಾಕುತ್ತೀಯ ಅಂತ ನಾನು ಛೇಡಿಸಿದೆ. ಅವನು ನಗಲಿಲ್ಲ. ಹರಿದ ತೂತುಗಳನ್ನು ಒಳಗಡೆಯಿಂದ ಮುಚ್ಚಿ ಹೊರಗಿನಿಂದ ತುಂಬುವ ಹೊತ್ತಿಗೆ ಅಸ್ಲೌಗಳನ್ನು ಕರೆದು ಕೇಳಿದೆವು. ಮುಚ್ಚಿ ಅಂದಳು. ಮೋಟಾರಿನ ಬೋಲ್ಟಿಗೆ ತೂತು ಕೊರೆಯುವಾಗ ಡ್ರಿಲ್ ಕೇಳಿದಳು. ಅಗಲವಾಗಿ ಕೊರೆದು, ಅಂಟು ತುಂಬಿ, ಅದು ಕಲ್ಲಾಗುವವರೆಗೆ ಕಾದು, ಅದರ ನಡುವೆ ಮತ್ತೆ ಕೊರೆಯಬೇಕು. ಹಾಗೆ ಮಾಡಿದರೆ ಬೋಲ್ಟಿನ ನೀರು ಮರಕ್ಕೆ ತಾಗುವುದಿಲ್ಲ. ಅವಳು ಒಂದೊಂದು ತೂತಿನ ಮುಂದೆಯೂ ಕೂತು ಕಾದಳು. ಆ ದಿನಗಳಲ್ಲಿ ಆ ತಟ್ಟುವ ಸದ್ದು ಕೇಳಿಸಲಿಲ್ಲ.

ಏಪ್ರಿಲ್ ಕೊನೆಗೆ ದೋಣಿಯನ್ನು ನೀರಿಗಿಳಿಸಿದೆವು. ಹೊಸ ಮೋಟಾರಿನ ಭಾರಕ್ಕೆ ಹಿಂಬದಿ ಇಷ್ಟು ತಗ್ಗುತ್ತದೆ ಅಂತ ನಾನು ಲೆಕ್ಕ ಹಾಕಿ, ಬ್ಯಾಟರಿಯನ್ನೂ ಎಣ್ಣೆಯ ಟ್ಯಾಂಕನ್ನೂ ಮುಂದಕ್ಕೆ ಸರಿಸಿದ್ದೆ. ತಗ್ಗುವುದು ನಾನಂದಷ್ಟೇ ತಗ್ಗಿತು. ಆದರೆ ಬಲಗಡೆಗೆ ಓರೆಯಾಗಿ ನಿಂತಿತು, ಹಿಂದಿನ ಮೂಲೆಯಲ್ಲಿ ಒಬ್ಬರು ಕೂತ ಹಾಗೆ. ಚಿಕ್ಕಪ್ಪ ಮೋಟಾರಿನ ನಡುಗೆರೆ ಅಳೆದ. ಸರಿಯಿತ್ತು. ಬ್ಯಾಟರಿಯನ್ನು ಎಡಕ್ಕೆ ಸರಿಸೋಣ ಅಂತ ಅವನು ಎದ್ದ.

"ಬಿಡಿ, ಇರಲಿ," ಅಂದಳು ಅಸ್ಲೌಗ್. ದೋಣಿಗಿಳಿದು ಎಡಗಡೆ ಕೂತಳು. ದೋಣಿ ಸಮವಾಯಿತು.

ಗೂಡಿಗೆ ಹಾಸುವ ಒಣ ಪಾಚಿಯ ಚೀಲಗಳನ್ನು ಹೇರಿಕೊಂಡು ನಾವಿಬ್ಬರೂ ಹೊರಟೆವು. ನಾನು ಮುಂದೆ ಚೀಲಗಳ ಮೇಲೆ, ಅವಳು ಹಿಂದೆ. ಮೋಟಾರು ತುಂಬು ವೇಗದಲ್ಲಿ ಹೋಗುವಾಗ ಕೈಯನ್ನು ದೋಣಿಯ ಅಂಚಿಗೆ ಒತ್ತಿ ಹಿಡಿದಿದ್ದೆ. ಎಲ್ಲೂ ನಡುಕವಿರಲಿಲ್ಲ, ಬಂಡೆಯ ಹಾಗಿತ್ತು. ಹೆಸ್ಟ್ ಕಂಡಿಯ ನಡುವೆ ಬಂದಾಗ ಅವಳು ಮೋಟಾರು ನಿಲ್ಲಿಸಿದಳು. ಸೆಳೆತ ನಮ್ಮನ್ನು ಮೆಲ್ಲಗೆ ತಿರುಗಿಸತೊಡಗಿತು.

ಅವಳು ಮಾತಾಡಲು ಶುರುಮಾಡಿದಳು, ನನ್ನ ಜೊತೆಗಲ್ಲ. ಮನೆಯ ಪಶ್ಚಿಮದ ಗೋಡೆಗೆ ಹೊಸ ಬಣ್ಣ ಹೊಡೆಸಿದ್ದು, ಅವನ ಅಕ್ಕನ ಮಗಳಿಗೆ ಹೆರಿಗೆಯಾದದ್ದು, ಕಾರ್ಖಾನೆಯನ್ನು ಬೇರೆ ಯಾರೋ ತೆರೆಯುತ್ತಾರಂತೆ ಅನ್ನುವ ಸುದ್ದಿ, ನಾಯಿ ಸತ್ತದ್ದು. ಒಂದೊಂದು ಹೇಳಿ ಸ್ವಲ್ಪ ನಿಲ್ಲಿಸುತ್ತಿದ್ದಳು, ಎದುರಿನವರ ಮಾತಿಗೆ ಜಾಗ ಬಿಡುವ ಹಾಗೆ. ಅಂಥ ಒಂದು ಬಿಡುವಿನ ಕೊನೆಗೆ ನಕ್ಕಳು, ಯಾರೋ ಅವಳನ್ನು ನಗಿಸಿದ ಹಾಗೆ. ನಾನು ಹಿಂದಕ್ಕೆ ತಿರುಗಲಿಲ್ಲ. ತಿರುಗಿದ್ದರೆ ಏನು ಕಾಣುತ್ತಿತ್ತೋ ಗೊತ್ತಿಲ್ಲ. ಗಂಡ ಹೆಂಡಿರ ಮಾತಿನ ನಡುವೆ ತಲೆ ಹಾಕುವುದು ಸರಿಯಲ್ಲ ಅನ್ನಿಸಿತ್ತು, ಅದಂತೂ ನಿಜ.

ಕೊನೆಗೆ ಅವಳು ಕೀಲಿ ತಿರುಗಿಸಿದಳು. ನಡುಗಡ್ಡೆ ತಲುಪಿದಾಗ ಕಡಲಬಾತುಗಳು ಆಗಲೇ ದಡದ ಆಚೆ ನೀರಿನ ಮೇಲೆ ಸಾಲಾಗಿ ಕೂತು ಕಾಯುತ್ತಿದ್ದವು. ನಾವು ಸಂಜೆಯವರೆಗೆ ಗೂಡುಗಳಿಗೆ ಪಾಚಿ ಹಾಸಿದೆವು. ಅವಳು ಸೀಟಿ ಹಾಕುತ್ತಾ ಕೆಲಸ ಮಾಡಿದಳು. ಆ ವರ್ಷ ಹಿಂದೆಂದೂ ಇಲ್ಲದಷ್ಟು ಬಾತುಗಳು ಗೂಡುಗಳಲ್ಲಿ ಕೂತವು ಅಂತ ಅವಳೇ ಆಮೇಲೆ ಹೇಳಿದಳು.